ಬೆರಗು ಮತ್ತು ಅಂಜಿಕೆ

(ಮಹಾಶಿವರಾತ್ರಿಯ ಜಾಗರಣೆಯ ಸಂದರ್ಭದಲ್ಲಿ ಶ್ರೀಮಠದ ಅಂಗಳದಲ್ಲಿ ದಯಪಾಲಿಸಿದ ಆಶೀರ್ವಚನ)



ಸುತ್ತಣ ಹಳ್ಳಿಗಳಿಂದ ನೀವೆಲ್ಲ ಇಂದು ಉಪವಾಸವಿದ್ದು, ಕೆಲವರು ನಡೆದು, ಕೆಲವರು ಟ್ರ್ಯಾಕ್ಟರಿನಲ್ಲಿ ಕುಳಿತು ಇಲ್ಲಿಗೆ ಬಂದಿದ್ದೀರಿ. ಸಂಜೆಯಿಂದ ಭಜನೆ ನಡೆದಿದೆ. ಪ್ರತಿವರ್ಷ ಈ ಹೊತ್ತಿಗೆ ನಾವು ಬೇಡನ ಕಥೆಯನ್ನು ಹೇಳುತ್ತ ಬಂದಿದ್ದೇವೆ. ಆ ಕಥೆ ನಿಮಗೆಲ್ಲ ಬಾಯಿಪಾಠವಾಗಿದೆ. ಬೇಟೆಗೆ ಹೋದ ಬೇಡನಿಗೆ ಕಾಡಿನಲ್ಲಿ ಕತ್ತಲಾಯಿತು, ಮೃಗಗಳಿಗೆ ಅಂಜಿ ಬಿಲ್ವದ ಮರ ಏರಿದ, ನಿದ್ದೆ ಬಾರದಿರಲೆಂದು ಎಲೆ ಹರಿದು ಹರಿದು ಕೆಳಗೆ ಹಾಕಿದ, ಅವು ಲಿಂಗದ ಮೇಲೆ ಬಿದ್ದವು, ಅವನಿಗೆ ಶಿವನು ಒಲಿದ.

ಈ ವರ್ಷ ಆ ಕಥೆಯನ್ನು ಬಿಟ್ಟು, ಕಥೆಯೊಳಗಿನ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇವೆ. ಆ ಬೇಡ ಇರುಳೆಲ್ಲ ಎಚ್ಚರವಾಗಿದ್ದು ಏನನ್ನು ನೋಡಿದ? ಪುರಾಣ ಹೇಳುವವರು ಇದನ್ನು ಹೇಳುವುದಿಲ್ಲ. ಆದರೆ ನೀವೇ ವಿಚಾರ ಮಾಡಿರಿ. ದೀಪವಿಲ್ಲದ ಕಾಡು, ಚಂದ್ರನಿಲ್ಲದ ರಾತ್ರಿ, ಮರದ ಮೇಲೆ ಒಬ್ಬನೇ ಮನುಷ್ಯ. ಅವನಿಗೆ ನೋಡಲು ಎರಡೇ ಇದ್ದವು. ಕೆಳಗೆ ನೋಡಿದರೆ ಕತ್ತಲೆ, ಕತ್ತಲೆಯಲ್ಲಿ ಮೃಗಗಳ ಸಪ್ಪಳ. ಮೇಲೆ ನೋಡಿದರೆ ಆಕಾಶ. ಕೆಳಗೆ ಅಂಜಿಕೆ, ಮೇಲೆ ಬೆರಗು. ಮನುಷ್ಯಕುಲವೆಲ್ಲ ಇಂದಿಗೂ ಆ ಮರದ ಮೇಲೆಯೇ ಕುಳಿತಿದೆ. ಇಂದಿನ ನಮ್ಮ ಮಾತು ಈ ಎರಡರ ಬಗ್ಗೆ.

ನಮ್ಮ ಹಬ್ಬಗಳಲ್ಲಿ ಅನೇಕ ಹುಣ್ಣಿಮೆಗೆ ಬರುತ್ತವೆ. ಹೋಳಿಹುಣ್ಣಿಮೆ, ನೂಲಹುಣ್ಣಿಮೆ, ಸೀಗಿಹುಣ್ಣಿಮೆ. ಶಿವನ ರಾತ್ರಿ ಮಾತ್ರ ಬಹುಳ ಚತುರ್ದಶಿಗೆ ಬರುತ್ತದೆ. ಚಂದ್ರ ಸವೆದು ಸವೆದು ಎಳೆಯಷ್ಟೇ ಉಳಿದು, ಬೆಳಗಿನ ಜಾವದಲ್ಲಿ ಸೂರ್ಯನಿಗಿಂತ ತುಸು ಮುಂಚೆ ಮೂಡುವ ರಾತ್ರಿ ಇದು. ಅಂದರೆ ಇರುಳಿಡೀ ಆಕಾಶವು ಚುಕ್ಕಿಗಳಿಗೇ ಮೀಸಲು. ಈ ರಾತ್ರಿ ಮಲಗಬೇಡಿರಿ ಎಂದು ಹಿರಿಯರು ಹೇಳಿದ್ದಾರೆ. ನಾವು ಎಚ್ಚರವಿರುತ್ತೇವೆ, ಆದರೆ ದೊಡ್ಡ ದೊಡ್ಡ ದೀಪಗಳನ್ನು ಹಚ್ಚಿ ಆಕಾಶವನ್ನು ಮರೆಮಾಡಿಕೊಂಡು ಎಚ್ಚರವಿರುತ್ತೇವೆ.

ಈಗ ರಾತ್ರಿ ಎಂಟು ಗಂಟೆ. ಈ ಹೊತ್ತಿಗೆ ನೆತ್ತಿಯ ಹತ್ತಿರ ಮೂರು ಚುಕ್ಕಿ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅದು ಮೃಗದ ಮೈಯಲ್ಲಿ ನೆಟ್ಟ ಬಾಣವೆಂದು ನಮ್ಮ ಪ್ರಾಚೀನರು ಕಂಡರು. ಅದರ ಆಗ್ನೇಯಕ್ಕೆ ಬೆಳ್ಳಗೆ ಥಳಥಳಿಸುವುದು ಲುಬ್ಧಕ, ಎಂದರೆ ಬೇಡ. ಸೂರ್ಯನನ್ನು ಬಿಟ್ಟರೆ ನಮ್ಮ ಕಣ್ಣಿಗೆ ಅದಕ್ಕಿಂತ ಪ್ರಕಾಶವಾದ ನಕ್ಷತ್ರ ಮತ್ತೊಂದಿಲ್ಲ. ನೋಡಿರಿ, ಶಿವರಾತ್ರಿಯ ಸಂಜೆ ಬೇಡನೂ ಮೃಗವೂ ನಮ್ಮ ತಲೆಯ ಮೇಲೆಯೇ ಇದ್ದಾರೆ! ಲುಬ್ಧಕನ ಬೆಳಕು ನಮ್ಮನ್ನು ಮುಟ್ಟಲು 8 ವರ್ಷ 7 ತಿಂಗಳು ಬೇಕು. ಬೆಳಕೆಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುವಂಥದು. ನಿಮ್ಮ ಮನೆಯ ಮೂರನೆಯ ಇಯತ್ತೆಯ ಮಗು ತೊಟ್ಟಿಲಲ್ಲಿದ್ದಾಗ ಅಲ್ಲಿಂದ ಹೊರಟ ಬೆಳಕು ಈ ಹೊತ್ತು ನಿಮ್ಮ ಕಣ್ಣಿಗೆ ಬರುತ್ತಿದೆ. ಇದು ನಮಗೆ ತೀರ ಹತ್ತಿರದ ನೆರೆಮನೆ. ಕೃತ್ತಿಕೆಯ ಗೊಂಚಲಿನ ಬೆಳಕು ಹೊರಟು ಸುಮಾರು 440 ವರ್ಷಗಳಾದವು.

ಆ ಮೂರು ಚುಕ್ಕಿಗಳ ಬಡಗಣ ಮಗ್ಗುಲಲ್ಲಿ ಕೆಂಡದ ಬಣ್ಣದ್ದೊಂದು ನಕ್ಷತ್ರವಿದೆ. ಅದು ಆರ್ದ್ರಾ. ನೀವು ಆರಿದ್ರಾ ಮಳೆ ಎನ್ನುತ್ತೀರಲ್ಲ, ಅದೇ ಆರ್ದ್ರಾ. ಅದರ ಅಧಿದೇವತೆ ರುದ್ರ. ಅದು ಎಷ್ಟು ದೊಡ್ಡದೆಂದರೆ, ಸೂರ್ಯನಿರುವಲ್ಲಿ ಅದನ್ನು ತಂದು ಇಟ್ಟರೆ ನಮ್ಮ ಭೂಮಿಯನ್ನೂ ಮಂಗಳನ ಕಕ್ಷೆಯನ್ನೂ ನುಂಗಿ ಇನ್ನೂ ಆಚೆಗೆ ಚಾಚುತ್ತದೆ. 2019ರ ಕೊನೆಗೆ ಅದು ಇದ್ದಕ್ಕಿದ್ದಂತೆ ಮಂಕಾಯಿತು. ತಾನೇ ಹೊರಗೆ ಉಗುಳಿದ ಧೂಳು ಅಡ್ಡ ಬಂದು ಮಂಕಾಗಿತ್ತೆಂದು ವಿಜ್ಞಾನಿಗಳು ಆಮೇಲೆ ಕಂಡುಕೊಂಡರು. ಆ ನಕ್ಷತ್ರ ಮುದಿಯಾಗಿದೆ. ಮುಂದೊಂದು ಕಾಲಕ್ಕೆ ಅದು ಸಿಡಿದು ಹೋಗುವುದು ನಿಶ್ಚಯ.

ಪಾಠಶಾಲೆಯಲ್ಲಿ ನಮಗೆ ನಕ್ಷತ್ರ ಎಂಬ ಶಬ್ದಕ್ಕೆ ಯಾವುದು ಕ್ಷಯಿಸುವುದಿಲ್ಲವೋ ಅದು ಎಂದು ನಿರುಕ್ತಿ ಹೇಳಿಕೊಟ್ಟಿದ್ದರು. ನಾವು ಅದನ್ನು ಬಹಳ ಕಾಲ ನಂಬಿದ್ದೆವು. ಆದರೆ ಕ್ರಿ.ಶ. 1054ರಲ್ಲಿ, ಕಲ್ಯಾಣದಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲದಲ್ಲಿ, ವೃಷಭರಾಶಿಯಲ್ಲಿ ಒಂದು ನಕ್ಷತ್ರ ಸಿಡಿಯಿತು. 23 ದಿನ ಹಗಲಿನಲ್ಲಿಯೂ ಕಂಡಿತೆಂದು, ಸುಮಾರು ಎರಡು ವರ್ಷ ಇರುಳಿನಲ್ಲಿ ಕಂಡಿತೆಂದು ಚೀನಾದೇಶದವರು ಬರೆದಿಟ್ಟರು. ಅದರ ಚೂರುಗಳು ಇಂದಿಗೂ ಹೊಗೆಯಂತೆ ಹರಡುತ್ತಿರುವುದನ್ನು ದೂರದರ್ಶಕದಲ್ಲಿ ನೋಡಬಹುದು. ಆದಕಾರಣ ನಕ್ಷತ್ರಕ್ಕೂ ಹುಟ್ಟುಂಟು, ಸಾವುಂಟು. ಅಷ್ಟೇ ಅಲ್ಲ. ನಮ್ಮ ರಕ್ತದಲ್ಲಿರುವ ಕಬ್ಬಿಣ ಇಂಥ ಸಿಡಿದ ನಕ್ಷತ್ರಗಳಿಂದ ಬಂದದ್ದು. ಈ ಅಂಗಳದಲ್ಲಿ ಕುಳಿತ ಒಬ್ಬೊಬ್ಬರ ಮೈಯಲ್ಲಿಯೂ ಸೂರ್ಯನಿಗಿಂತ ಮೊದಲು ಉರಿದು ಹೋದ ನಕ್ಷತ್ರಗಳ ಭಸ್ಮವಿದೆ. ನೀವು ಹಣೆಗೆ ವಿಭೂತಿ ಧರಿಸುವಾಗ ಇದನ್ನು ಒಮ್ಮೆ ನೆನೆಯಿರಿ.

ಇದನ್ನು ಕೇಳಿದಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆಯಲ್ಲ, ಅದಕ್ಕೆ ವಿಸ್ಮಯ ಎಂದು ಹೆಸರು. ಆ ಶಬ್ದದ ಧಾತು ಸ್ಮಿ. ಅದರ ಅರ್ಥ ಮುಗುಳುನಗುವುದು. ವಿಸ್ಮಯಪಟ್ಟವನ ಮುಖದಲ್ಲಿ ನಗೆ ಇರುತ್ತದೆ, ಭಯ ಇರುವುದಿಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ವಿಸ್ಮಯವನ್ನು ಅದ್ಭುತರಸಕ್ಕೆ ಸ್ಥಾಯಿಯೆಂದೂ, ಭಯವನ್ನು ಭಯಾನಕರಸಕ್ಕೆ ಸ್ಥಾಯಿಯೆಂದೂ ಬೇರೆ ಬೇರೆ ಇರಿಸಿದ್ದಾನೆ. ಕಾಶ್ಮೀರದ ಶಿವಸೂತ್ರಗಳಂತೂ ವಿಸ್ಮಯವನ್ನು ಯೋಗದ ನೆಲೆಯೆಂದೇ ಗಣಿಸಿವೆ. ಎರಡೂ ನಮಗಿಂತ ದೊಡ್ಡದರ ಮುಂದೆ ನಿಂತಾಗ ಹುಟ್ಟುವ ಭಾವಗಳು. ಆದರೆ ಬೆರಗಾದವನು ಕಣ್ಣು ತೆರೆಯುತ್ತಾನೆ, ಅಂಜಿದವನು ಕಣ್ಣು ಮುಚ್ಚುತ್ತಾನೆ. ಇಷ್ಟೇ ಅಂತರ.

ಇದು ನಮಗೆ ಗ್ರಂಥದಿಂದ ತಿಳಿದದ್ದಲ್ಲ. 1980ನೆಯ ಇಸವಿ ಫೆಬ್ರುವರಿ 16, ಇದೇ ಶಿವರಾತ್ರಿಯ ಅಮಾವಾಸ್ಯೆ. ನಮಗಾಗ ಹತ್ತು ವರ್ಷ. ಗದಗ ಸೀಮೆಯ ಒಂದು ಹಳ್ಳಿಯಲ್ಲಿದ್ದೆವು. ಆ ದಿನ ಮಧ್ಯಾಹ್ನದ ಮೇಲೆ ಖಗ್ರಾಸ ಸೂರ್ಯಗ್ರಹಣ. ಅದರ ನೆರಳು ಅಂಕೋಲೆಯ ಕಡಲ ದಂಡೆಯಿಂದ ನಮ್ಮ ಗದಗಿನ ಮೇಲೆ ಹಾಯ್ದು ರಾಯಚೂರಿನ ಕಡೆಗೆ ಹೋಯಿತು. ದೇಶವಿದೇಶಗಳ ವಿಜ್ಞಾನಿಗಳು ಯಂತ್ರಗಳನ್ನು ಹೊತ್ತು ನಮ್ಮ ಸೀಮೆಯನ್ನು ಹುಡುಕಿಕೊಂಡು ಬಂದಿದ್ದರು. ನಮ್ಮ ಹಳ್ಳಿಯವರು ಮಾತ್ರ ಬಾಗಿಲು ಹಾಕಿಕೊಂಡಿದ್ದೆವು. ನಮ್ಮ ಅಜ್ಜಿ ನೀರಿನ ಕೊಡದ ಮೇಲೆ ಗರಿಕೆ ಇಟ್ಟು, ನಮ್ಮನ್ನು ಒಳಗೆ ಕೂಡಿಸಿ, ‘ಹೊರಗ ಹೋದ್ರ ಕಣ್ಣು ಹೋಗ್ತಾವು, ಸುಮ್ನ ಕುಂದ್ರು’ ಎಂದಳು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೆಳಕಿಂಡಿಗೆ ಒಂದು ತಗಡು ಮುಚ್ಚಿತ್ತು. ತಗಡಿಗೆ ಮೊಳೆಯ ತೂತು ಒಂದಿತ್ತು. ಅದರೊಳಗಿಂದ ದಿನಾಲು ನೆಲದ ಮೇಲೆ ನಾಣ್ಯದಂತೆ ದುಂಡಗಿನ ಬೆಳಕು ಬೀಳುತ್ತಿತ್ತು. ಅಂದು ಆ ನಾಣ್ಯವನ್ನು ಯಾರೋ ಕಚ್ಚಿದಂತೆ ಕಂಡಿತು. ನೋಡನೋಡುತ್ತ ಅದು ಕುಡುಗೋಲಿನಂತಾಯಿತು. ಸೂರ್ಯನ ಬಿಂಬವೇ ಆ ತೂತಿನಿಂದ ನಮ್ಮ ಮನೆಯೊಳಗೆ ಬಂದು ನೆಲದ ಮೇಲೆ ಬಿದ್ದಿದೆಯೆಂದು ನಮಗೇನು ಗೊತ್ತು! ಕೈಯೊಡ್ಡಿ ಅದನ್ನು ಅಂಗೈಯಲ್ಲಿ ಹಿಡಿದೆವು. ಅಜ್ಜಿ ನೋಡಿದಳು. ಚೀರಿ, ನಮ್ಮನ್ನು ಎಳೆದು ಕೌದಿ ಹೊದಿಸಿ ಅಪ್ಪಿ ಹಿಡಿದುಕೊಂಡಳು. ಕೌದಿಯೊಳಗೆ ನಾವು ಕೇಳಿದ್ದು ಇಷ್ಟೇ: ಹಕ್ಕಿಗಳೆಲ್ಲ ಬೇವಿನ ಮರಕ್ಕೆ ಮರಳಿ ಬಂದ ಗದ್ದಲ, ಆಮೇಲೆ ಎಲ್ಲವೂ ಸ್ತಬ್ಧ, ಆಮೇಲೆ ಒಂದು ಹುಂಜದ ಕೂಗು. ಹೊರಗೆ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ನಡುಹಗಲಿನಲ್ಲಿ ಚುಕ್ಕಿ ಕಂಡಿದ್ದವಂತೆ. ನಾವು ನೋಡಲಿಲ್ಲ. ಅಂಥದು ನಮ್ಮ ಊರಿನ ಮೇಲೆ ನಮ್ಮ ಆಯುಷ್ಯದಲ್ಲಿ ಮತ್ತೆ ಬರುವುದಿಲ್ಲ.

ಅಜ್ಜಿಯನ್ನು ನಾವು ನಿಂದಿಸುವುದಿಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದರೆ ಕಣ್ಣಿಗೆ ಅಪಾಯವೆಂಬುದು ನಿಜ. ಆಕೆಯದು ಪ್ರೀತಿಯೇ. ಆದರೆ ಆಕೆಗೆ ತಿಳಿಸಿ ಹೇಳಬೇಕಾಗಿದ್ದವರು ಹೇಳಲಿಲ್ಲ. ಗ್ರಹಣವೆಂದರೆ ರಾಹು ನುಂಗುವುದಲ್ಲ, ಸೂರ್ಯನಿಗೆ ಚಂದ್ರ ಮರೆಯಾಗುತ್ತಾನೆ, ಚಂದ್ರನಿಗೆ ಭೂಮಿಯ ನೆರಳು ಮರೆಯಾಗುತ್ತದೆ ಎಂದು ಆರ್ಯಭಟನು ಕ್ರಿ.ಶ. 499ರಲ್ಲಿಯೇ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಸಂಸ್ಕೃತದಲ್ಲಿ ಬರೆದಿಟ್ಟಿದ್ದಾನೆ. ನಮ್ಮ ಅಜ್ಜಿಯ ಕಾಲಕ್ಕೆ ಸಾವಿರದ ನಾಲ್ಕುನೂರಾ ಎಂಬತ್ತು ವರ್ಷಗಳಾಗಿದ್ದವು. ಓದು ಬಲ್ಲವರು ಆ ತಿಳಿವನ್ನು ತಮ್ಮಲ್ಲಿಯೇ ಇಟ್ಟುಕೊಂಡರು, ಹಳ್ಳಿಗೆ ರಾಹುವನ್ನು ಮಾತ್ರ ಕಳಿಸಿದರು.

ಓದು ಬಲ್ಲವರು ಎಂದೆವು. ಆ ಓದು ಬಲ್ಲವರಲ್ಲಿ ನಾವೂ ಒಬ್ಬರು. ಇದನ್ನು ಇಂದು ನಿಮ್ಮ ಮುಂದೆ ಹೇಳಲೇಬೇಕು. ಹೇಳದೆ ಬೆರಗಿನ ಬಗ್ಗೆ ಉಪದೇಶ ಮಾಡುವ ಅಧಿಕಾರ ನಮಗಿಲ್ಲ.

ನಾವು ಈ ಪೀಠಕ್ಕೆ ಬಂದ ಹೊಸದು. ಒಬ್ಬ ಭಕ್ತ, ಬಡ ಒಕ್ಕಲಿಗ, ಮಗಳನ್ನು ಕರೆದುಕೊಂಡು ಮಠಕ್ಕೆ ಬಂದ. ಮಾತು ಮುಗಿದು ನಿಶ್ಚಯಕ್ಕೆ ಬಂದ ಸಂಬಂಧ. ಅಷ್ಟರಲ್ಲಿ ಯಾರೋ ಜಾತಕ ತೆಗೆದರು. ‘ಅಪ್ಪಾರ, ಹುಡುಗೀದು ಮೂಲಾ ನಕ್ಷತ್ರ ಐತಂತ ಬೀಗರು ಹಿಂದ ಸರ್ಯಾಕತ್ಯಾರ್ರೀ. ನೀವೊಂದು ಮಾತು ಹೇಳಿದ್ರ ಅವ್ರು ಕೇಳ್ತಾರ್ರೀ’ ಎಂದ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಕೇಡು ಎಂಬ ಮಾತು ನಿಮಗೆಲ್ಲ ಗೊತ್ತೇ ಇದೆ. ಗಂಡಿನ ತಂದೆಯೂ ಈ ಮಠದ ಭಕ್ತನೇ. ನಾವು ಒಂದು ಮಾತು ಹೇಳಿದ್ದರೆ ಆತ ಮೀರುತ್ತಿರಲಿಲ್ಲ. ಆದರೆ ನಾವು ಆಗತಾನೇ ಮುಹೂರ್ತಗ್ರಂಥಗಳನ್ನು ಓದಿ ಬಂದವರು. ವಿದ್ಯೆಯ ಅಹಂಕಾರ ಒಂದು ಕಡೆ, ನಾಳೆ ಆ ಮನೆಯಲ್ಲಿ ಏನಾದರೂ ಆದರೆ ಮಠಕ್ಕೆ ಮಾತು ಬಂದೀತೆಂಬ ಅಂಜಿಕೆ ಇನ್ನೊಂದು ಕಡೆ. ‘ಶಾಸ್ತ್ರದಾಗ ಹಂಗ ಹೇಳ್ಯಾರ. ಅವ್ರ ಮನಸ್ಸಿಗೆ ಬರಲಿಲ್ಲಂದ್ರ ಒತ್ತಾಯ ಬ್ಯಾಡ’ ಎಂದುಬಿಟ್ಟೆವು. ಹುಡುಗಿ ಕಂಬದ ಮರೆಗೆ ನಿಂತಿದ್ದಳು. ತಂದೆ ನಮ್ಮ ಪಾದಕ್ಕೆರಗಿ ಎದ್ದು ಹೋದ. ಸಂಬಂಧ ಮುರಿಯಿತು. ಒಂದಲ್ಲ, ಆಮೇಲೆ ಬಂದ ಸಂಬಂಧಗಳೂ ಮುರಿದವು. ಸ್ವಾಮಿಗಳೇ ಹಾಗೆ ಹೇಳಿದ್ದಾರಂತೆ ಎಂಬ ಮಾತು ಊರೂರು ತಿರುಗಿತು.

ಕೆಲವು ವರ್ಷಗಳ ಹಿಂದೆ ಇದೇ ಶಿವರಾತ್ರಿಯ ಜಾಗರಣೆಗೆ ಒಬ್ಬ ಶಿಕ್ಷಕಿ ಶಾಲೆಯ ಹತ್ತು ಹದಿನೈದು ಮಕ್ಕಳನ್ನು ಕರೆತಂದಿದ್ದಳು. ನಸುಕಿನ ನಾಲ್ಕೂವರೆಯ ಸುಮಾರಿಗೆ ವಿದ್ಯುತ್ತು ಹೋಗಿ ಅಂಗಳವೆಲ್ಲ ಕತ್ತಲಾಯಿತು. ಆಕೆ ನಮ್ಮ ಬಳಿ ಬಂದು ಕೈಮುಗಿದು ಕೇಳಿದಳು, ‘ಅಪ್ಪಾರ, ಮೂಲಾ ನಕ್ಷತ್ರ ಯಾವುದ್ರೀ? ಹುಡುಗ್ರಿಗೆ ತೋರಸ್ಬೇಕಾಗಿತ್ತು.’

ನಾವು ಎದ್ದು ನಿಂತೆವು. ಇಪ್ಪತ್ತೇಳು ನಕ್ಷತ್ರಗಳ ಹೆಸರು, ಅವುಗಳ ಗಣ, ಯೋನಿ, ನಾಡಿ, ಅಧಿದೇವತೆ ಎಲ್ಲವೂ ನಮಗೆ ಕಂಠಪಾಠ. ಮುಖವೆತ್ತಿ ಆಕಾಶ ನೋಡಿದೆವು. ಯಾವುದೆಂದು ಗೊತ್ತಾಗಲಿಲ್ಲ. ಸುಮ್ಮನೆ ಬಡಗಣ ದಿಕ್ಕಿಗೆ ಕೈ ಮಾಡಿದೆವು. ಆಕೆ ಮೆಲ್ಲಗೆ, ‘ಅಲ್ಲಲ್ರೀ ಅಪ್ಪಾರ, ಹಿಂಗ ತಿರುಗ್ರಿ’ ಎಂದು ಆಗ್ನೇಯಕ್ಕೆ ತೋರಿಸಿದಳು. ಅಲ್ಲಿ ದೊಡ್ಡದೊಂದು ಚೇಳು ಬಾಲ ಎತ್ತಿ ಮೇಲೇರುತ್ತಿತ್ತು. ಎದೆಯಲ್ಲಿ ಕೆಂಪಗೆ ಜ್ಯೇಷ್ಠಾ, ಬಾಲದ ಕೊಂಡಿಯಲ್ಲಿ ಒಂದರ ಪಕ್ಕಕ್ಕೊಂದು ಎರಡು ಚುಕ್ಕಿ. ‘ಆ ಕೊಂಡೀನ ಮೂಲಾ ರೀ. ನಂದೂ ಅದ ನಕ್ಷತ್ರ. ನೋಡಾಕ ಭಾಳ ಚಂದ ಐತ್ರಿ’ ಎಂದಳು. ಆಗ ಗುರುತು ಹತ್ತಿತು. ಕಂಬದ ಮರೆಗೆ ನಿಂತ ಹುಡುಗಿ ಈಕೆ.

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಕೆಂದೇ ಕೇಳಿದಳೋ, ಸಹಜವಾಗಿ ಕೇಳಿದಳೋ, ನಾವು ವಿಚಾರಿಸಲಿಲ್ಲ. ಮಕ್ಕಳು ಸುತ್ತ ನಿಂತು ‘ಎಲ್ಲೈತ್ರೀ ಅಕ್ಕಾರ, ಎಲ್ಲೈತ್ರೀ’ ಎಂದು ಜಿಗಿಯುತ್ತಿದ್ದವು. ಆ ತಾಯಿಯ ಮುಂದಿನ ಬಾಳುವೆಯ ಮಾತು ಆಕೆಗೆ ಸೇರಿದ್ದು, ಅದನ್ನು ನಾವು ಇಲ್ಲಿ ಆಡುವುದಿಲ್ಲ. ನಮ್ಮ ಮಾತು ಇಷ್ಟೇ: ಯಾವ ನಕ್ಷತ್ರವನ್ನು ನಾವು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲವೋ, ಅದರ ಹೆಸರಿನಿಂದ ಒಂದು ಹೆಣ್ಣುಮಗಳ ಬಾಳಿಗೆ ಅಡ್ಡ ಬಂದೆವು. ಮರುದಿನ ಆಕೆಯ ತಂದೆಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಆತ ಮುದುಕನಾಗಿದ್ದ. ‘ಹೋಗ್ಲಿ ಬಿಡ್ರಿ ಅಪ್ಪಾರ’ ಎಂದ. ಹೋದದ್ದು ಹೋಗುವಂಥದಲ್ಲ.

ಆ ಮೂಲಾ ಎಂಥದೆಂದು ಆಮೇಲೆ ನಾವು ಬಲ್ಲವರನ್ನು ಕೇಳಿ ಓದಿಕೊಂಡೆವು. ನಾವಿರುವ ಈ ಆಕಾಶಗಂಗೆಯಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಬರಿಗಣ್ಣಿಗೆ ಒಂದು ಹೊತ್ತಿಗೆ ಕಾಣುವವು ಎರಡು ಮೂರು ಸಾವಿರ ಮಾತ್ರ. ಈ ನಕ್ಷತ್ರಕೋಟಿಯೆಲ್ಲ ಒಂದು ನಡುವಿನ ಸುತ್ತ ಪ್ರದಕ್ಷಿಣೆ ಮಾಡುತ್ತಿದೆ. ನಮ್ಮ ಸೂರ್ಯನು ಒಂದು ಪ್ರದಕ್ಷಿಣೆ ಮುಗಿಸಲು ಸುಮಾರು 23 ಕೋಟಿ ವರ್ಷ ಬೇಕು. ಆ ನಡು ಯಾವ ದಿಕ್ಕಿಗಿದೆ? ಆಕಾಶದಲ್ಲಿ ಮೂಲಾ ಎಂದು ಗುರುತಿಸಿದ ಭಾಗದಲ್ಲಿಯೇ ಇದೆ! ಇಲ್ಲಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ. ನಡುವೆ ಧೂಳು ಕವಿದಿರುವುದರಿಂದ ಕಣ್ಣಿಗೆ ಕಾಣದು. ಅಲ್ಲಿ 40 ಲಕ್ಷ ಸೂರ್ಯರ ತೂಕದ ಒಂದು ಕೃಷ್ಣರಂಧ್ರವಿದೆ. ಅದನ್ನು ಕಂಡುಕೊಂಡ ಇಬ್ಬರು ವಿಜ್ಞಾನಿಗಳಿಗೆ 2020ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅವರಲ್ಲಿ ಆಂಡ್ರಿಯಾ ಗೆಝ್ ಎಂಬಾಕೆ ಒಬ್ಬ ಹೆಣ್ಣುಮಗಳು. 2022ರಲ್ಲಿ ಅದರ ಚಿತ್ರವೂ ಪ್ರಕಟವಾಯಿತು. ಮೂಲಾ ಎಂದರೆ ಬೇರು. ನಮ್ಮ ಹಿರಿಯರು ಇದನ್ನೆಲ್ಲ ಅರಿತೇ ಆ ಹೆಸರಿಟ್ಟರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಅದೂ ಒಂದು ಸುಳ್ಳೇ ಆದೀತು. ಆದರೆ ನಾವು ಅಪಶಕುನವೆಂದು ಮುಖ ತಿರುವಿದ ಕಡೆಯೇ ನಮ್ಮ ಲೋಕದ ನಡು ಇತ್ತು. ಇದು ಬೆರಗಲ್ಲವೇ?

ಹಾಗಾದರೆ ಪಂಚಾಂಗವನ್ನು ಬಿಟ್ಟುಬಿಡೋಣವೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಹಾಗಲ್ಲ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಎಂದು ಎಣಿಸಿ ನೀವು ಬಿತ್ತುತ್ತೀರಿ. ಆರಿದ್ರಾ ಮಳೆಯ ಕಾಲಕ್ಕೆ ಆರ್ದ್ರಾ ನಕ್ಷತ್ರ ಕಾಣುವುದೇ ಇಲ್ಲ. ಏಕೆಂದರೆ ಸೂರ್ಯನು ಆಗ ಅದೇ ಜಾಗದಲ್ಲಿರುತ್ತಾನೆ. ಕಾಣದ ಚುಕ್ಕಿಯನ್ನು ಲೆಕ್ಕದಿಂದ ಹಿಡಿದು ಅದರ ಹೆಸರನ್ನು ಮಳೆಗೆ ಇಟ್ಟರಲ್ಲ, ಅದು ನೋಡಿ ನೋಡಿ ಗಳಿಸಿದ ತಿಳಿವು. ಅದು ಬೇಕು. ಆದರೆ ಅದೇ ಚುಕ್ಕಿಯ ಹೆಸರಿನಿಂದ ಕೂಸಿಗೆ ಕಳಂಕ ಹಚ್ಚುವುದು ತಿಳಿವಲ್ಲ. ಹನ್ನೆರಡನೆಯ ಶತಮಾನದ ಶರಣರು ಈ ಎರಡನ್ನೂ ಬೇರ್ಪಡಿಸಿ ತೋರಿಸಿದರು. ಶಿವನನ್ನು ನೆನೆದ ಗಳಿಗೆಗೆ ಬೇರೊಂದು ಮುಹೂರ್ತ ಬೇಡವೆಂದರು. ನಾವು ಅವರ ಹೆಸರು ಹೇಳಿ ಪೀಠದ ಮೇಲೆ ಕುಳಿತು, ಅವರು ಬಿಡಿಸಿದ ಅಂಜಿಕೆಯನ್ನೇ ಮತ್ತೆ ಹಂಚಿದೆವು.

ನಿಮ್ಮ ಅಂಗೈಯ ಇಷ್ಟಲಿಂಗವನ್ನು ನೋಡಿರಿ. ಅದರ ಕಂಥೆ ಕಪ್ಪು. ಆ ಕಪ್ಪಿನಲ್ಲಿ ರೆಪ್ಪೆ ಬಡಿಯದೆ ದೃಷ್ಟಿ ನಿಲ್ಲಿಸಿರಿ ಎಂದು ಗುರು ಹೇಳಿಕೊಡುತ್ತಾನೆ. ತುಸು ಹೊತ್ತಿಗೆ ಅದರಲ್ಲಿ ಬೆಳಕಿನ ಕಣ ಕಾಣುತ್ತದೆ. ಆಕಾಶವೂ ಹಾಗೆಯೇ. ಮೊದಲು ಬರಿ ಕಪ್ಪು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ತಾಳ್ಮೆಯಿಂದ ನೋಡಿದವನಿಗೆ ಒಂದೊಂದೇ ಕಣ ತೆರೆಯುತ್ತದೆ. ಅಳತೆಗೆ ಸಿಗದ ವಸ್ತು ಅಂಗೈಯಲ್ಲಿ ಕುಳಿತಿದೆ ಎಂಬ ನಂಬಿಗೆ ನಮ್ಮದು. ಅಂದಮೇಲೆ ಮೇಲಿನದಕ್ಕೆ ನಾವೇಕೆ ಅಂಜಬೇಕು? ಅದು ಅಂಗೈಯಲ್ಲಿ ಇರುವುದರ ವಿಸ್ತಾರ.

ಇನ್ನು ಎರಡು ಮಾತು ಹೇಳಿ ಮುಗಿಸುತ್ತೇವೆ. ಮೊದಲನೆಯದು: ನಕ್ಷತ್ರದ ಕಾರಣದಿಂದ ಹೆಣ್ಣು ಒಲ್ಲೆವೆನ್ನುವ ಮನೆಯ ಮದುವೆಗೆ ಈ ಮಠದ ಸ್ವಾಮಿಗಳು ಬರುವುದಿಲ್ಲ. ಯಾರ ಮಗಳ ಸಂಬಂಧವಾದರೂ ಹೀಗೆ ಮುರಿಯುವ ಹಂತಕ್ಕೆ ಬಂದಿದ್ದರೆ ನಮಗೆ ಹೇಳಿ ಕಳಿಸಿರಿ. ನಾವೇ ಆ ಬೀಗರ ಮನೆಗೆ ನಡೆದು ಹೋಗಿ ಕೂಡುತ್ತೇವೆ. ಅಂದು ಆಡದೆ ಉಳಿದ ಮಾತನ್ನು ಇಂದಾದರೂ ಆಡುತ್ತೇವೆ. ಎರಡನೆಯದು: ಈಗ ಅಂಗಳದ ದೀಪಗಳನ್ನೆಲ್ಲ ಆರಿಸಲು ಹೇಳಿದ್ದೇವೆ. ಅರ್ಧ ತಾಸು ಭಜನೆಯೂ ಬೇಡ, ಮಾತೂ ಬೇಡ. ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮೇಲೆ ನೋಡಿರಿ. ಬೇಡನೂ ಮೃಗವೂ ಈಗ ನೆತ್ತಿಯ ಮೇಲಿದ್ದಾರೆ. ಅವರು ಪಡುವಣಕ್ಕೆ ಇಳಿದು, ನಡುರಾತ್ರಿಗೆ ಸಪ್ತರ್ಷಿಗಳು ಬಡಗಣದಲ್ಲಿ ಮೇಲೇರಿ, ನಸುಕಿಗೆ ಮೂಲಾ ಮೂಡುವವರೆಗೆ ಎಚ್ಚರವಿರೋಣ. ಮೂಲಾ ಮೂಡಿದಾಗ ನಾವು ನಿಮಗೆ ತೋರಿಸುತ್ತೇವೆ. ಈಗ ನಮಗೆ ಅದು ಗೊತ್ತಿದೆ. ಒಬ್ಬ ತಾಯಿ ನಮಗೆ ಕಲಿಸಿದ್ದಾಳೆ.

ನಿಮ್ಮೆಲ್ಲರ ಮನೆಗಳಿಂದ ಅಂಜಿಕೆ ಹೋಗಲಿ, ಮಕ್ಕಳ ಕಣ್ಣಲ್ಲಿ ಬೆರಗು ಉಳಿಯಲಿ. ಎಲ್ಲರಿಗೂ ಸನ್ಮಂಗಳವಾಗಲಿ.